ವಜ್ರದ ಕಾಲುವೆಯಲ್ಲಿ ಹನಿ ಬಿದ್ದ ದಿನ

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದವರಿಗೆ ಮೊದಲು ಆಗುವುದಿಲ್ಲ ಎಂದಿದ್ದೆ. ಸೋಮಾರಿತನದಿಂದಲ್ಲ. ನಿವೃತ್ತಳಾದ ಮೇಲೆ ಹಳೆಯ ದಿನಚರಿಗಳನ್ನು ತೆಗೆದು ಓದಿದಾಗ, ನನ್ನ ನೆನಪಿನಲ್ಲಿರುವ ನೌಕರಿಗೂ ಆ ಪುಟಗಳಲ್ಲಿರುವ ನೌಕರಿಗೂ ಹೊಂದಿಕೆಯೇ ಕಾಣಲಿಲ್ಲ. ನನ್ನ ಮನಸ್ಸಿನಲ್ಲಿ ಇಂದಿಗೂ ದೊಡ್ಡದಾಗಿ ಉಳಿದಿರುವ ಒಂದು ಜಗಳದ ಬಗ್ಗೆ ಅಲ್ಲಿ ಒಂದು ಸಾಲೂ ಇಲ್ಲ. ಪುಟಗಟ್ಟಲೆ ಬರೆದ ಸಂಕಟವೊಂದಿದೆ, ಅದು ಯಾವುದರ ಬಗ್ಗೆ ಎಂದು ಈಗ ನನಗೇ ತಿಳಿಯದು. ಹಾಗಾಗಿ ಮುಂದಿನದನ್ನು ಅಳೆದು ತೂಗಿ ಇಟ್ಟ ಫಲಿತಾಂಶದಂತೆ ಓದಬೇಡಿ. ಅನುಮಾನ ಇರುವಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ನಾನು ಧಾರವಾಡದಲ್ಲಿ ಓದಿ ಪುಣೆಗೆ ಬಂದವಳು. ನನ್ನ ಕೆಲಸ ವಜ್ರ ಬೆಳೆಸುವುದು. ಹಾಗೆಂದರೆ ಜನ ನನ್ನ ಕಿವಿ, ಮೂಗು ನೋಡುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಉಕ್ಕಿನ ಪಾತ್ರೆಯೊಳಗೆ ಹೈಡ್ರೋಜನ್ ಅನಿಲ ತುಂಬಿ, ಸ್ವಲ್ಪ ಮಿಥೇನ್ ಬೆರೆಸಿ, ಮೈಕ್ರೋವೇವ್ ಶಕ್ತಿ ಕೊಟ್ಟರೆ ಒಳಗೆ ನೇರಳೆ ಬಣ್ಣದ ಉಂಡೆಯೊಂದು ಹೊತ್ತಿಕೊಳ್ಳುತ್ತದೆ. ಅದೇ ಪ್ಲಾಸ್ಮಾ. ಅದರ ಕೆಳಗೆ ಇಟ್ಟ ತಟ್ಟೆಯ ಮೇಲೆ ಮಿಥೇನಿನ ಇಂಗಾಲ ವಜ್ರವಾಗಿ ಪದರ ಪದರವಾಗಿ ಕೂರುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ, ಆದರೆ ವಿಪರೀತ ನಿಧಾನ. ದಿನಗಟ್ಟಲೆ ಯಂತ್ರ ಓಡಿದ ಮೇಲೆ ಉಗುರಿನಷ್ಟು ದಪ್ಪದ ಬೂದು ಬಣ್ಣದ ಬಿಲ್ಲೆ ಕೈಗೆ ಬರುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ನಾವು ಆಕಾಶ ನೋಡುತ್ತಿದ್ದ ರೀತಿ ರೈತರಿಗೂ ಅರ್ಥವಾಗುತ್ತಿರಲಿಲ್ಲ. ಅವರಿಗೆ ಮೋಡ ಬೇಕು, ನಮಗೆ ಬೇಡ.

ನನ್ನ ಕೊನೆಯ ವರ್ಷಗಳ ಕೆಲಸ ಈ ಬಿಲ್ಲೆಗಳಿಂದ ಚಿಪ್ ಮಾಡುವುದಾಗಿತ್ತು. ಕಂಪ್ಯೂಟರಿನ ಚಿಪ್ ಅಲ್ಲ, ದ್ರವ ಹರಿಯುವ ಚಿಪ್. ಬಿಲ್ಲೆಯ ಮೇಲೆ ಕೂದಲಿನಷ್ಟು ಸಣ್ಣ ಕಾಲುವೆಗಳನ್ನು ಕೊರೆದು, ಇನ್ನೊಂದು ತೆಳು ವಜ್ರದ ಹಾಳೆಯನ್ನು ಮುಚ್ಚಳವಾಗಿಟ್ಟು, ಎರಡನ್ನೂ ಉಕ್ಕಿನ ಚೌಕಟ್ಟಿನಲ್ಲಿ ಬಿಗಿಯುವುದು. ಇಂಥ ಚಿಪ್‌ಗಳನ್ನು ಎಲ್ಲರೂ ಪ್ಲಾಸ್ಟಿಕ್ಕಿನಲ್ಲೋ ಗಾಜಿನಲ್ಲೋ ಮಾಡುತ್ತಾರೆ. ಆದರೆ ಕೆಲವು ಔಷಧಿ ತಯಾರಿಕೆಯ ರಾಸಾಯನಿಕಗಳು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತವೆ, ಕ್ರಿಯೆಯ ಬಿಸಿ ಗಾಜಿನಿಂದ ಬೇಗ ಹೊರಗೆ ಹೋಗುವುದಿಲ್ಲ. ವಜ್ರಕ್ಕೆ ಯಾವ ಆಮ್ಲವೂ ತಾಗದು, ಬಿಸಿಯನ್ನು ಅದು ತಾಮ್ರಕ್ಕಿಂತ ವೇಗವಾಗಿ ಸಾಗಿಸುತ್ತದೆ. ‘ವಜ್ರ ಯಾತಕ್ಕೂ ಬದಲಾಗೋದಿಲ್ಲ’ ಎಂದು ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು. ಹೇಳಿ ಹೇಳಿ ನಾವೂ ನಂಬಿದ್ದೆವು.

ನಮ್ಮ ಗುಂಪು ಸಣ್ಣದು. ಮುಖ್ಯಸ್ಥರು ಪಾಟಣಕರ ಸರ್. ಯಾವ ಪ್ರಶ್ನೆಗೂ ಅವರದು ಒಂದೇ ಉತ್ತರ, ‘ಬಘೂ ಯಾ’, ನೋಡೋಣ. ಯಂತ್ರ ನಡೆಸುವವರು ಬೆಳಗಾವಿ ಕಡೆಯ ಹಿರೇಮಠರು. ಸಂಶೋಧನಾ ವಿದ್ಯಾರ್ಥಿನಿ ಅಕ್ಷತಾ, ಅವಳಿಗೆ ಮಾರ್ಗದರ್ಶಕಿ ನಾನು. ಅಕ್ಷತಾ ಪುಣೆಯಲ್ಲೇ ಹುಟ್ಟಿ ಬೆಳೆದವಳು. ಅವಳ ತಂದೆಯದು ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ಉಡುಪಿ ಹೋಟೆಲು. ಬೀದಿಯವರಿಗೆಲ್ಲ ಅವರು ಅಣ್ಣಾ, ನಮಗೆ ಶೆಟ್ಟರು. ಮಗಳು ಸೇರಿದ ವರ್ಷವೇ ಅವರು ಒಂದು ಡಬ್ಬಿ ಗೋಳಿಬಜೆ ಹಿಡಿದು ಪ್ರಯೋಗಾಲಯ ನೋಡಲು ಬಂದಿದ್ದರು.

‘ಮೇಡಂ, ಮಗಳು ವಜ್ರದ ಕೆಲಸದಲ್ಲಿ ಇದ್ದಾಳೆ ಅಂತ ನನ್ನ ಹೆಂಡತಿಗೆ ಹೇಳಿ ತಪ್ಪು ಮಾಡಿದೆ. ದಿನಾ ಕೇಳ್ತಾಳೆ, ಮೂಗುತಿ ಯಾವಾಗ ಅಂತ.’

ನಾನು ಒಂದು ಬಿಲ್ಲೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು.

‘ಇದಾ? ಇದು ಮುರಿದ ಹಂಚಿನ ಚೂರಿನ ಹಾಗೆ ಉಂಟಲ್ಲ ಮಾರಾಯ್ರೆ!’

‘ಅಪ್ಪಾ, ಸುಮ್ನಿರಿ’ ಎಂದು ಅಕ್ಷತಾ ಅವರ ಕೈಯಿಂದ ಬಿಲ್ಲೆ ಕಸಿದುಕೊಂಡಳು. ಹಿರೇಮಠರು ಗೋಳಿಬಜೆ ಬಾಯಿಗೆ ಹಾಕಿಕೊಳ್ಳುತ್ತ, ‘ಶೆಟ್ರ, ಮೂಗುತಿ ಬಿಡ್ರಿ. ನಿಮ್ಮ ಮಗಳು ಇದರಾಗ ಡಾಕ್ಟರ್ ಆಗ್ತಾಳ್ರಿ’ ಎಂದರು. ಶೆಟ್ಟರಿಗೆ ಅದು ಮೂಗುತಿಗಿಂತ ಇಷ್ಟವಾಯಿತು. ಅಂದಿನಿಂದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಪರಿಚಯದ ಗಿರಾಕಿಗಳಿಗೆಲ್ಲ ಮಗಳು ಡಾಕ್ಟರ್ ಆಗುವ ಸುದ್ದಿ ಹೇಳುತ್ತಿದ್ದರಂತೆ.

ವಜ್ರದ ಬಗ್ಗೆ ನನ್ನ ಮೊದಲ ಅಹಂಕಾರ ಮುರಿದದ್ದು ಸರ್ ಕೈಯಲ್ಲಿ. ದಿಲ್ಲಿಯಿಂದ ಬಂದ ಅತಿಥಿಗಳಿಗೆ ಚಿಪ್ ತೋರಿಸುತ್ತ, ಇದಕ್ಕಿಂತ ಗಟ್ಟಿ ವಸ್ತು ಲೋಕದಲ್ಲಿಲ್ಲ ಎಂದು ವಿವರಿಸುತ್ತ ಅವರು ಚೌಕಟ್ಟಿನ ತಿರುಪನ್ನು ಇನ್ನೊಂದು ಸುತ್ತು ಬಿಗಿದರು. ಟಕ್ ಎಂದಿತು. ಮುಚ್ಚಳದ ಹಾಳೆ ಅಡ್ಡಡ್ಡ ಸೀಳಿತು. ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಬಾಗುವುದು ವಜ್ರಕ್ಕೆ ಗೊತ್ತಿಲ್ಲ. ಅತಿಥಿಗಳು ಹೋದ ಮೇಲೆ ಹಿರೇಮಠರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: ‘ಸರ್ ಕೈಯಾಗ ಒಡದದ್ದು ಭಾಳ ಛಲೋ ಆತ್ರಿ ಬಾಯಾರ. ನಮ್ಮ ಕೈಯಾಗ ಒಡದಿದ್ರ ವರ್ಷಗಟ್ಲೆ ಪ್ರವಚನ ಕೇಳಬೇಕಾಗ್ತಿತ್ತು.’

ಕಾಲುವೆ ಕೊರೆಸಲು ನಾವು ಪುಣೆಯ ಹೊರಗಿನ ರಾಂಜಣಗಾಂವದ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆವು. ಅಲ್ಲಿ ಲೇಸರ್ ಇತ್ತು. ಲೇಸರ್ ತಾಗಿದಲ್ಲಿ ವಜ್ರ ಸುಟ್ಟು ಕಾಲುವೆಯ ಒಳಗೋಡೆಯಲ್ಲಿ ಕಪ್ಪು ಮಸಿ ಉಳಿಯುತ್ತದೆ. ಆ ಮಸಿ ತೆಗೆಯಲು ಅಕ್ಷತಾ ಚಿಪ್ಪನ್ನೂ ಮುಚ್ಚಳವನ್ನೂ ಮತ್ತೆ ಯಂತ್ರದೊಳಗಿಟ್ಟು ಬರೀ ಹೈಡ್ರೋಜನ್ ಪ್ಲಾಸ್ಮಾದಲ್ಲಿ ಕಾಯಿಸಿದಳು. ಅದೊಂದು ತೊಳೆಯುವ ಕೆಲಸ ಎಂದಷ್ಟೇ ನಾವು ಎಣಿಸಿದ್ದೆವು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮಗೆ ಬೇಕಾಗಿದ್ದದ್ದು ಹನಿಗಳು. ಕಾಲುವೆಯಲ್ಲಿ ಎಣ್ಣೆ ಹರಿಯುತ್ತಿರಬೇಕು, ಪಕ್ಕದಿಂದ ಬಂದು ಸೇರುವ ನೀರು ಎಣ್ಣೆಯ ಒತ್ತಡಕ್ಕೆ ತುಂಡು ತುಂಡಾಗಿ, ಒಂದೇ ಗಾತ್ರದ ಹನಿಗಳ ಸಾಲಾಗಿ ಸಾಗಬೇಕು. ಒಂದೊಂದು ಹನಿಯೂ ಒಂದೊಂದು ಪುಟ್ಟ ಪಾತ್ರೆ, ಅದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಪ್ಲಾಸ್ಟಿಕ್ ಚಿಪ್‌ನಲ್ಲಿ ಇದು ಸುಲಭ, ಅಭ್ಯಾಸಕ್ಕೆಂದು ಅಕ್ಷತಾ ದಿನವೂ ಮಾಡುತ್ತಿದ್ದಳು. ವಜ್ರದಲ್ಲಿ ಆಗಬೇಕಿತ್ತು. ಅಲ್ಲಿ ಆಯಿತೆಂದರೆ ಅವಳಿಗೆ ಪಿಎಚ್‌ಡಿ, ಆಗದಿದ್ದರೆ ಅವಳ ಬಳಿ ಏನೂ ಇರಲಿಲ್ಲ.

ಒಂದು ಬೆಳಗ್ಗೆ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಚಪ್ಪಲಿಯೂ ಇರಲಿಲ್ಲ.

‘ಬೀಳ್ತಾ ಉಂಟು ಮೇಡಂ!’

‘ಏನವಾ ಬೀಳೂದು?’

‘ಹನಿ! ಬನ್ನಿ ಮೊದ್ಲು.’

ನಾನು ಓಡಿದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹನಿಗಳು ಒಂದರ ಹಿಂದೆ ಒಂದು, ಪೋಣಿಸಿದಂತೆ ಹೋಗುತ್ತಿದ್ದವು. ಅಕ್ಷತಾ ಮೊಬೈಲನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಒಂದು ತುಣುಕು ವಿಡಿಯೊ ತೆಗೆದಳು. ಇಷ್ಟು ನನಗೆ ಖಚಿತ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೆಳಗಿದ್ದ ಚಿಪ್ಪನ್ನು ನಾನು ನೋಡಿದೆನೇ? ನೋಡಿರಬೇಕು. ಬೂದು ಬಣ್ಣ, ಉಕ್ಕಿನ ಚೌಕಟ್ಟು ಎರಡೂ ಈಗಲೂ ಕಣ್ಣ ಮುಂದೆ ಬರುತ್ತವೆ. ಆದರೆ ಆ ಚಿತ್ರ ಅಂದಿನದೋ, ಆಮೇಲಿನ ನೂರಾರು ದಿನಗಳಲ್ಲಿ ಯಾವುದರದೋ ಹೇಳಲಾರೆ.

ಅದಾಗಿ ಕೆಲವೇ ದಿನಕ್ಕೆ ದಸರೆ ಬಂತು. ಪುಣೆಯ ಕಾರ್ಖಾನೆಗಳಲ್ಲಿ ಇರುವಂತೆ ನಮ್ಮಲ್ಲೂ ಖಂಡೇನವಮಿಗೆ ಯಂತ್ರಗಳ ಪೂಜೆ ಇರುತ್ತದೆ. ಹಿಂದಿನ ದಿನ ಎಲ್ಲರೂ ಸೇರಿ ಪ್ರಯೋಗಾಲಯ ತೊಳೆಯುತ್ತೇವೆ. ಅದು ನಮ್ಮ ಅತ್ಯಂತ ಖುಷಿಯ ದಿನ. ಯಾರೂ ಸರ್ ಅಲ್ಲ, ಯಾರೂ ವಿದ್ಯಾರ್ಥಿ ಅಲ್ಲ. ಪಾಟಣಕರ ಸರ್ ಪ್ಯಾಂಟು ಮಡಚಿ ನೆಲ ಒರೆಸುತ್ತಿದ್ದರು. ಹಿರೇಮಠರು ಹೊಗೆ ಎಳೆಯುವ ಗೂಡಿನಲ್ಲಿ ದೊಡ್ಡ ಬೀಕರಿಟ್ಟು ಗಂಧಕಾಮ್ಲ, ನೈಟ್ರಿಕ್ ಆಮ್ಲ ಕುದಿಸಿ, ಇದ್ದ ವಜ್ರದ ಚೂರುಗಳನ್ನೆಲ್ಲ ಅದರಲ್ಲಿ ಹಾಕಿ ತೊಳೆಯುತ್ತಿದ್ದರು. ಬೇರೆ ಯಾವ ವಸ್ತುವಿನವರೂ ಇಂಥ ಧೈರ್ಯ ಮಾಡಲಾರರು. ನಮ್ಮದು ವಜ್ರ.

‘ಈ ಚಿಪ್ಪೂ ಹಾಕ್ಲೇನ್ರಿ?’ ಎಂದು ಅವರು ಕೇಳಿದರು.

ಯಾರೋ ಹೂಂ ಎಂದರು. ನನ್ನ ನೆನಪಿನಲ್ಲಿ ಆ ದನಿ ಕೆಲವೊಮ್ಮೆ ಅಕ್ಷತಾಳದು, ಕೆಲವೊಮ್ಮೆ ಸರ್‌ದು, ಕೆಲವೊಮ್ಮೆ ನನ್ನದು. ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ‘ಹಬ್ಬದ ತಯಾರಿ. ಚೆಂಡು ಹೂವು ಚೆನ್ನಾಗಿ ಸಿಕ್ಕಿತು’ ಎಂದಷ್ಟೇ. ಮರುದಿನ ಚಿಪ್ಪಿಗೆ ಕುಂಕುಮ ಹಚ್ಚಿದೆವು. ಅದು ಎಂದೂ ಇಲ್ಲದಷ್ಟು ಹೊಳೆಯುತ್ತಿತ್ತು.

ಹಬ್ಬ ಮುಗಿದ ಮೇಲೆ ಹನಿ ಬೀಳಲಿಲ್ಲ. ನೀರು ತುಂಡಾಗದೆ ಕಾಲುವೆಯ ಗೋಡೆಗೆ ಅಂಟಿಕೊಂಡು ಉದ್ದಕ್ಕೆ ಹರಿದುಹೋಯಿತು. ಪಂಪು ಬದಲಿಸಿದೆವು, ಎಣ್ಣೆ ಬದಲಿಸಿದೆವು. ಕುಂಕುಮದ ಕಣವೇನಾದರೂ ಒಳಗೆ ಉಳಿದಿದೆಯೇ ಎಂದು ಮತ್ತೆ ಆಮ್ಲದಲ್ಲಿ ಕುದಿಸಿದೆವು. ಹೊಸ ಚಿಪ್ ಮಾಡಿದೆವು, ಹಬ್ಬದ ಹೊಳಪು ನೋಡಿದ್ದರಿಂದ ಅದನ್ನೂ ಕೊನೆಗೆ ಕುದಿಸಿಯೇ ಬಳಸಿದೆವು. ಹನಿ ಬೀಳದಿದ್ದಷ್ಟೂ ಹೆಚ್ಚು ಹೆಚ್ಚು ತೊಳೆದೆವು. ಕೊಳೆಯನ್ನು ಅನುಮಾನಿಸಿದೆವೇ ಹೊರತು ತೊಳೆಯುವುದನ್ನು ಅನುಮಾನಿಸಲಿಲ್ಲ. ಚಿಪ್ಪಿಗೆ ಏನೇನು ಮಾಡಿದೆವು ಎಂದು ಎಷ್ಟೋ ಸಲ ಕುಳಿತು ಮೊದಲಿನಿಂದ ನೆನಪು ಮಾಡಿಕೊಂಡೆವು. ಕುಂಕುಮದ ಮಾತು ಬಂತು, ಹಬ್ಬದ ಹಿಂದಿನ ದಿನದ ಬೀಕರಿನ ಮಾತು ಒಮ್ಮೆಯೂ ಬರಲಿಲ್ಲ. ಹಬ್ಬಕ್ಕೆ ತೊಳೆಯುವುದು ಪ್ರಯೋಗದ ಭಾಗವಲ್ಲವಲ್ಲ.

ಎರಡು ಮಳೆಗಾಲ ಹೀಗೇ ಕಳೆದವು. ಅಕ್ಷತಾಳ ಪಿಎಚ್‌ಡಿ ಕೆಲಸದ ಪರಿಶೀಲನಾ ಸಮಿತಿ ಸಭೆ ಸೇರಿತು. ಅಕ್ಷತಾ ವಿಡಿಯೊ ತೋರಿಸಿದಳು. ಹೊರಗಿನಿಂದ ಬಂದ ಸದಸ್ಯರೊಬ್ಬರು ಅದನ್ನು ಎರಡು ಸಲ ನೋಡಿ, ಬಹಳ ಮೃದುವಾಗಿ ಕೇಳಿದರು: ‘ನೀವು ಅದೇ ದಿನಗಳಲ್ಲಿ ಪ್ಲಾಸ್ಟಿಕ್ ಚಿಪ್‌ನಲ್ಲೂ ಹನಿ ಮಾಡುತ್ತಿದ್ದಿರಲ್ಲವೇ? ಈ ವಿಡಿಯೊ ಅದರದ್ದಾಗಿರಬಹುದೇ? ಕಣ್ತಪ್ಪಿನಿಂದ?’

ವಿಡಿಯೊದಲ್ಲಿ ಕಾಣುವುದು ಹನಿಗಳು ಮಾತ್ರ. ಅವು ಯಾವ ಚಿಪ್‌ನಲ್ಲಾದರೂ ಹಾಗೆಯೇ ಕಾಣುತ್ತವೆ.

ಅಕ್ಷತಾ ಇಲ್ಲ ಎಂದಳು. ನಾನು ಎದ್ದು ನಿಂತು, ‘ನಾನೂ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ, ಅದು ವಜ್ರದ ಚಿಪ್ಪೇ’ ಎಂದೆ. ಸದಸ್ಯರು ನಕ್ಕು, ‘ನೀವು ಮಾರ್ಗದರ್ಶಕರು. ನಿಮ್ಮ ಮಾತನ್ನು ಅವರ ಮಾತಿಗಿಂತ ಬೇರೆ ಸಾಕ್ಷಿ ಅಂತ ಹೇಗೆ ಬರೆದುಕೊಳ್ಳಲಿ?’ ಎಂದರು. ಅದು ಸರಿಯಾದ ಮಾತೇ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಪಾಟಣಕರ ಸರ್ ‘ಬಘೂ ಯಾ’ ಎನ್ನಲಿಲ್ಲ. ವಿಷಯ ಬದಲಿಸುವುದು ಒಳ್ಳೆಯದು ಎಂದರು.

ಅಕ್ಷತಾ ವಿಷಯ ಬದಲಿಸಲಿಲ್ಲ. ಒಂದು ತಿಂಗಳು ಬಂದು ಹೋಗಿ ಮಾಡಿದಳು. ಆಮೇಲೆ ಒಂದು ದಿನ ನನ್ನ ಎದುರು ಕುಳಿತು ಹೇಳಿದಳು: ‘ಅಪ್ಪನಿಗೆ ಮೊಣಕಾಲು ನೋವು ಮೇಡಂ, ಹೋಟೆಲಿಗೆ ಜನ ಬೇಕು.’

‘ಅದ ಕಾರಣ ಏನವಾ?’

‘ಸುಳ್ಳು ಹೇಳಿದವಳ ಹಾಗೆ ಎಲ್ರೂ ನನ್ನ ಜೊತೆ ಮೆತ್ತಗೆ ಮಾತಾಡ್ತಾರೆ ಮೇಡಂ. ಬೈದ್ರೆ ತಡ್ಕೊಳ್ಳಬಹುದು. ಇದು ಆಗೋದಿಲ್ಲ.’

ಶೆಟ್ಟರು ಗಿರಾಕಿಗಳ ಮುಂದೆ ಡಾಕ್ಟರ್ ಸುದ್ದಿ ತೆಗೆಯುವುದನ್ನು ನಿಲ್ಲಿಸಿದರು ಎಂದು ಹಿರೇಮಠರಿಂದ ತಿಳಿಯಿತು. ನಾನು ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ. ಶಿವಾಜಿನಗರಕ್ಕೆ ಹೋದರೆ ರಸ್ತೆಯ ಎದುರು ಬದಿಯಲ್ಲಿ ನಡೆಯುತ್ತಿದ್ದೆ.

ಹೊಸಬರೇ, ಒಂದು ಫಲಿತಾಂಶ ಮತ್ತೆ ಬಾರದೇ ಹೋದಾಗ ಏನಾಗುತ್ತದೆ ಎಂದು ಪುಸ್ತಕದಲ್ಲಿ ಇರುವುದಿಲ್ಲ. ಮೊದಲು ಬೇರೆಯವರು ನಂಬುವುದಿಲ್ಲ. ಅದನ್ನು ಸಹಿಸಬಹುದು. ಆಮೇಲೆ ಕಣ್ಣಾರೆ ಕಂಡವರ ಒಳಗೇ ಅದು ಸವೆಯತೊಡಗುತ್ತದೆ. ಸಮಿತಿಯ ಮುಂದೆ ಅಷ್ಟು ಗಟ್ಟಿಯಾಗಿ ಹೇಳಿದ ನಾನು, ವರ್ಷ ಕಳೆದಂತೆ, ಬಸ್ಸಿನಲ್ಲಿ ಕುಳಿತಾಗ, ಅನ್ನಕ್ಕೆ ಇಟ್ಟಾಗ, ಆ ಚಿತ್ರವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಚೌಕಟ್ಟು ಇತ್ತೇ? ಬೂದು ಬಣ್ಣವೇ? ತೆಗೆದು ನೋಡಿದಷ್ಟೂ ಅದು ಮಸುಕಾಯಿತು. ಇದನ್ನು ಯಾರಿಗೂ ಹೇಳಲಿಲ್ಲ. ಅಕ್ಷತಾಳಿಗಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. ಅವಳಿಗಾದರೂ ಖಾತ್ರಿ ಇದೆಯಲ್ಲ, ಅದನ್ನು ನಾನು ಯಾಕೆ ಕದಡಲಿ ಎಂದುಕೊಂಡೆ.

ನನ್ನ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಒಂದು ಬೆಳಗ್ಗೆ ಫೋನು ಬಂತು.

‘ಮೇಡಂ, ನಮ್ಮ ಹೋಟೆಲಿಗೆ ಹೊಸ ಭಟ್ರು ಬಂದಿದ್ದಾರೆ.’

ಎಷ್ಟೋ ಕಾಲದ ಮೇಲೆ ಕೇಳಿದ ದನಿ. ಕ್ಷೇಮ ಸಮಾಚಾರವೂ ಇಲ್ಲ. ‘ಹೌದೇನು?’ ಎಂದೆ.

‘ಕಾವಲಿಯನ್ನು ಸೋಪಿನ ಪುಡಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿ ಇಟ್ಟಿದ್ದಾರೆ. ಕ್ಲೀನು ಮಾಡಿದೆ ಅಂತ ಹೆಮ್ಮೆ ಬೇರೆ. ಬೆಳಗ್ಗಿಂದ ಒಂದು ದೋಸೆಯೂ ಏಳ್ತಾ ಇಲ್ಲ. ಎಲ್ಲ ಅಂಟಿ ಕೂತಿದೆ.’

‘ಅದಕ್ಕ ನನಗ ಫೋನ್ ಮಾಡಿದಿ ಏನವಾ? ಉಳ್ಳಾಗಡ್ಡಿ ಹಚ್ಚಿ ತಿಕ್ಕು, ಎಣ್ಣಿ ಹಾಕು.’

‘ಅದು ನಂಗೊತ್ತು ಮೇಡಂ. ನಾನು ಹೋಟೆಲಿನವಳು.’ ಹಿಂದೆ ಯಾರೋ ಮರಾಠಿಯಲ್ಲಿ ಮಸಾಲೆ ದೋಸೆ ಎಷ್ಟು ಹೊತ್ತು ಎಂದು ಕೂಗುತ್ತಿದ್ದರು. ಅವಳ ದನಿ ಇಳಿಯಿತು. ‘ಮೇಡಂ, ಹಬ್ಬಕ್ಕೆ ಚಿಪ್ಪನ್ನು ನಾವು ಏನು ಮಾಡಿದ್ದೆವು?’

‘ಆಮ್ಲದಾಗ ಕುದಿಸಿದ್ವಿ’ ಎಂದೆ.

ಕಾವಲಿಯ ಎಣ್ಣೆಯ ಪದರವೂ ವಜ್ರದ ಮೈಯೂ ಒಂದೇ ಅಲ್ಲ. ಆದರೆ ಅವಳು ಮುಟ್ಟಿದ ಜಾಗ ಸರಿಯಾಗಿತ್ತು. ಹೈಡ್ರೋಜನ್ ಪ್ಲಾಸ್ಮಾದಿಂದ ಹೊರಬಂದ ವಜ್ರದ ಮೈಮೇಲೆ ಹೈಡ್ರೋಜನ್ನಿನ ಒಂದು ಪದರ ಇರುತ್ತದೆ, ಅದಕ್ಕೆ ನೀರು ಅಂಟುವುದಿಲ್ಲ. ಆಮ್ಲದಲ್ಲಿ ಕುದಿಸಿದರೆ ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಆಗ ನೀರು ಅಂಟುತ್ತದೆ. ವಜ್ರ ಬದಲಾಗುವುದಿಲ್ಲ, ಅದರ ಮೈ ಬದಲಾಗುತ್ತದೆ. ಇದೇನು ಹೊಸ ಶೋಧವಲ್ಲ, ನಮ್ಮ ಕಪಾಟಿನ ಪುಸ್ತಕಗಳಲ್ಲೇ ಇದ್ದ ವಿಷಯ. ನಾನೇ ತರಗತಿಯಲ್ಲಿ ಹೇಳಿದ್ದ ವಿಷಯ.

ಅಷ್ಟು ಹೊತ್ತಿಗೆ ವಜ್ರದ ಚಿಪ್‌ನ ಯೋಜನೆ ಮುಚ್ಚಿ ಬಹಳ ಕಾಲವಾಗಿತ್ತು, ಸರ್ ನಿವೃತ್ತರಾಗಿದ್ದರು. ಆ ಚಿಪ್ಪು ಹಿರೇಮಠರ ಮೇಜಿನ ಖಾನೆಯಲ್ಲಿ ಕರ್ಪೂರದ ಡಬ್ಬಿಯಲ್ಲಿತ್ತು. ‘ಪೂಜಾ ಮಾಡಿದ್ದು, ಒಗಿಬಾರದು ಅಂತ ಇಟ್ಟಿದ್ನಿರಿ’ ಎಂದರು. ಹಬ್ಬಕ್ಕೆ ಯಾರು ಹೂಂ ಎಂದದ್ದು ನೆನಪಿದೆಯೇ ಎಂದು ಕೇಳಿದೆ. ‘ಎಲ್ಲಾರೂ ಅಂದ್ರಿ. ನಾನೂ ಅಂದೆ’ ಎಂದರು.

ಚಿಪ್ಪನ್ನೂ ಮುಚ್ಚಳವನ್ನೂ ಹೈಡ್ರೋಜನ್ ಪ್ಲಾಸ್ಮಾದಲ್ಲಿಟ್ಟೆವು. ಅಕ್ಷತಾ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಸಂಜೆಯ ತಿಂಡಿಯ ಹೊತ್ತಿಗೆ ಮೊದಲು, ಸ್ಕೂಟರಿನಲ್ಲಿ ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮೈಯಿಂದ ಸಾಂಬಾರಿನ ವಾಸನೆ. ಪಂಪಿನ ಗುಂಡಿ ತಿರುಗಿಸುವಾಗ ಅವಳ ಬೆರಳುಗಳಿಗೆ ಎಲ್ಲ ನೆನಪಿತ್ತು.

ಎಣ್ಣೆ ಹರಿಯಿತು. ನೀರು ಬಂತು. ತುಸು ಹೊತ್ತು ಉದ್ದಕ್ಕೆ ಹರಿದು, ಆಮೇಲೆ ತುಂಡಾಯಿತು. ಒಂದು, ಇನ್ನೊಂದು, ಮತ್ತೊಂದು.

‘ಬಿತ್ತಲ್ರಿ!’ ಎಂದು ನನ್ನ ನಂತರ ಕಣ್ಣಿಟ್ಟ ಹಿರೇಮಠರು ಕೂಗಿದರು.

ಅಕ್ಷತಾ ಸೂಕ್ಷ್ಮದರ್ಶಕಕ್ಕೆ ಬಗ್ಗಿದವಳು ಬಹಳ ಹೊತ್ತು ಅದರಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ನಗುತ್ತಾಳೆ ಎಂದುಕೊಂಡಿದ್ದೆ.

‘ನಂಗೇ ನಂಬಿಕೆ ಹೋಗಿತ್ತು ಮೇಡಂ’ ಎಂದಳು. ‘ಅವತ್ತು ನಾನು ಪ್ಲಾಸ್ಟಿಕ್ ಚಿಪ್ಪೇ ಇಟ್ಟಿದ್ದೆನೇನೋ ಅಂತ. ಸಮಿತಿಗೂ ಮೊದ್ಲೇ ಅನ್ನಿಸ್ತಾ ಇತ್ತು. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ, ಹಾಗಾಗಿ ನಿಮ್ಮ ಹತ್ರ ಹೇಳ್ಲಿಕ್ಕೆ ಆಗ್ಲಿಲ್ಲ. ಅದಕ್ಕೇ ಹೋದದ್ದು.’

ನಾನು ಆಗ ಹೇಳಿದೆ, ನನ್ನ ನೆನಪೂ ಸವೆದುಹೋಗಿತ್ತೆಂದು. ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಅದೇ ಅನುಮಾನವನ್ನು ವರ್ಷಗಟ್ಟಲೆ ಹೊತ್ತಿದ್ದೆವು. ಒಂದೇ ಒಂದು ಮಧ್ಯಾಹ್ನ ಎದುರುಬದುರು ಕುಳಿತು, ‘ನನಗೆ ಖಾತ್ರಿ ಇಲ್ಲ’ ಎಂದು ಒಬ್ಬಳಾದರೂ ಹೇಳಿದ್ದರೆ, ಆ ದಿನದಿಂದ ಏನೇನಾಯಿತೆಂದು ನಾಚಿಕೆ ಬಿಟ್ಟು ನೆನಪಿಸಿಕೊಳ್ಳುತ್ತಿದ್ದೆವು. ಹಬ್ಬದ ಬೀಕರು ಆಗ ನೆನಪಾಗುತ್ತಿತ್ತೇ? ಗೊತ್ತಿಲ್ಲ. ಆಗಬಹುದಿತ್ತು.

ಸರ್‌ಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವರು, ‘ತೀ ಯೇಈಲ್ ಕಾ ಪರತ್?’ ಎಂದರು. ಅವಳು ಮರಳಿ ಬರುತ್ತಾಳೆಯೇ?

ನಾನು ಅಕ್ಷತಾಳನ್ನು ಕೇಳಿದೆ. ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು.

‘ಬೇಡ ಮೇಡಂ. ಈಗ ಬಂದ್ರೆ ಗೆದ್ದೆ ಅಂತ ತೋರಿಸ್ಲಿಕ್ಕೆ ಬಂದ ಹಾಗೆ ಆಗ್ತದೆ. ಓದ್ಲಿಕ್ಕೆ ಬಂದ ಹಾಗೆ ಆಗೋದಿಲ್ಲ.’ ಸ್ಕೂಟರ್ ಶುರು ಮಾಡಿ, ಮತ್ತೆ ನಿಲ್ಲಿಸಿದಳು. ‘ಅಪ್ಪನಿಗೆ ಮಾತ್ರ ನೀವೇ ಹೇಳಿ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳಿದೆ ಅಂದ್ಕೊಳ್ತಾರೆ.’

ಆ ಭಾನುವಾರ ರಸ್ತೆ ದಾಟಿ ಹೋಟೆಲಿಗೆ ಹೋದೆ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುಳಿತಿದ್ದರು. ಎಲ್ಲ ಕೇಳಿಸಿಕೊಂಡರು. ‘ಹಾಗಾದ್ರೆ ಅವಳು ಹೇಳಿದ್ದು ಸರಿ ಇತ್ತು’ ಎಂದರು.

‘ಹೌದ್ರಿ.’

‘ಅದು ನಂಗೆ ಆಗಲೇ ಗೊತ್ತಿತ್ತು’ ಎಂದು ಹೇಳಿ, ಮುಖ ತಿರುಗಿಸಿ, ಒಳಗೆ ಕೂಗಿದರು: ‘ಮೇಡಂಗೆ ಒಂದು ಮಸಾಲೆ!’

ದೋಸೆ ಬಂತು. ಚೆನ್ನಾಗಿ ಎದ್ದಿತ್ತು.

ಅಳತೆಯನ್ನು ನಂಬಿ ಬದುಕಿದವಳಾಗಿ ಒಂದು ಮಾತು ಬರೆಯಲೇಬೇಕು. ಈಗ ಹನಿ ಬಿದ್ದದ್ದು ಅಂದು ಬಿದ್ದದ್ದಕ್ಕೆ ಸಾಕ್ಷಿಯಾಗುವುದಿಲ್ಲ. ಅಂದು ಬೀಳಬಹುದಿತ್ತು ಎಂದಷ್ಟೇ ಅದು ಹೇಳುತ್ತದೆ. ಆ ಸಮಿತಿಯ ಸದಸ್ಯರು ಇದನ್ನು ಓದಿದರೆ ಇದೇ ಆಕ್ಷೇಪ ಎತ್ತುತ್ತಾರೆ, ಅವರ ಮಾತು ಸರಿಯೂ ಇರುತ್ತದೆ. ಚೌಕಟ್ಟಿನ ಚಿತ್ರ ನನ್ನ ಕಣ್ಣಿನಲ್ಲಿ ಇನ್ನೂ ಸ್ಪಷ್ಟವಾಗಿಲ್ಲ, ಆಗುವುದೂ ಇಲ್ಲ. ಆದರೂ ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಸಾಕ್ಷಿ ಇಲ್ಲದೆ ನಾನು ಬರೆಯುವ ಒಂದೇ ವಾಕ್ಯ ಇದು, ಪ್ರಯೋಗಾಲಯದ ಹೊಸಬರು ಹೀಗೇ ಓದಿಕೊಳ್ಳಲಿ: ಆ ಬೆಳಗ್ಗೆ ಸೂಕ್ಷ್ಮದರ್ಶಕದ ಕೆಳಗೆ ಅಕ್ಷತಾ ಇಟ್ಟದ್ದು ವಜ್ರದ ಚಿಪ್ಪೇ.